ನತಾಲಿಯಾ ಬಳಿದ ಬಾಗಿಲು, ಇದಲೀನಾ ತಿದ್ದಿದ ಬಣ್ಣ

ದೋನ ಲೂಸೀಲಿಯಾರ ಅಡುಗೆಮನೆಗೆ ಕಾಲಿಟ್ಟ ಕೂಡಲೇ ಇದಲೀನಾ ಫುರ್ತಾದು ಮಾಡುವ ಮೊದಲ ಕೆಲಸ ದೀಪ ಆರಿಸುವುದು. ಗುಡ್ಡದ ಮೇಲಿನ ಇಗರ್ಜಿಯ ಜೋಡಿ ಗೋಪುರಗಳ ಹಿಂದೆ ಆಕಾಶ ಈಗಷ್ಟೇ ಬೂದಿಬಣ್ಣಕ್ಕೆ ತಿರುಗಿದೆ. ಕೆಳಗಿನ ಬೀದಿಯಲ್ಲಿ ಬೇಕರಿಯ ಷಟರ್ ಎತ್ತುವ ಸದ್ದು. ಇದಲೀನಾ ಮಬ್ಬುಗತ್ತಲಲ್ಲೇ ಒಂದು ಸ್ಟೂಲು ಎಳೆದುಕೊಂಡು, ಕೈಗಳನ್ನು ಮಡಿಲಲ್ಲಿಟ್ಟು ಕೂರುತ್ತಾರೆ. ಅರವತ್ತು ದಾಟಿದ ದುಂಡು ಮೈ, ಬಿಗಿದು ಕಟ್ಟಿದ ತಲೆವಸ್ತ್ರ, ಉಗುರಿನ ಸುತ್ತ ಎಷ್ಟು ತೊಳೆದರೂ ಹೋಗದ ಬಿಳಿ.

ಬಿಸಿಲು ಬರುತ್ತದೆ. ನೇರವಾಗಿ ಅಲ್ಲ, ಪೂರ್ವದ ಕಿಟಕಿಯಿಂದ ಗೋಡೆಗುಂಟ ತೆವಳಿಕೊಂಡು ಓರೆಯಾಗಿ ಬರುತ್ತದೆ. ಗೋಡೆಯುದ್ದಕ್ಕೂ ಸಾಲಾಗಿರುವ ಮರದ ಕಪಾಟುಗಳ ಮೇಲೆ ಅದು ಬಿದ್ದದ್ದೇ ತಡ, ಇಷ್ಟು ಹೊತ್ತೂ ಹಾಲಿನ ಕೆನೆಯಂತೆ ಕಾಣುತ್ತಿದ್ದ ಬಾಗಿಲುಗಳ ಮೈ ಬೇರೆಯೇ ಆಗಿಬಿಡುತ್ತದೆ. ಅಂಚಿನಲ್ಲಿ ಇಳಿದು ಗಟ್ಟಿಯಾದ ಬಣ್ಣದ ಹನಿಗಳು. ಮಧ್ಯದಲ್ಲಿ ಸಿಡುಬಿನ ಕಲೆಯಂಥ ಗುಳಿಗಳು. ಹಿಡಿಕೆಯ ಸುತ್ತ ಸುಲಿದು ಎದ್ದ ಸಿಪ್ಪೆ.

"ನೋಡಿ, ನೋಡಿ! ದೀಪದ ಬೆಳಕಲ್ಲಿ ಎಲ್ಲರೂ ಸುಂದರೀರೇ. ಬೆಳಗಿನ ಬಿಸಿಲಿಗೆ ಮುಖ ಕೊಟ್ಟಾಗ ಗೊತ್ತಾಗುತ್ತೆ ಯಾರ್ ಯಾರು ಎಷ್ಟೆಷ್ಟು ಬಳ್ಕೊಂಡಿದ್ದಾರೆ ಅಂತ."

ಇಡೀ ದಿನ ಕೆರೆಯುವ, ಉಜ್ಜುವ ಕೆಲಸ ಕಣ್ಣೆದುರಿಗಿರುವವರ ದನಿಯಲ್ಲಿ ಇಷ್ಟು ಸಂತೋಷ ಇರಬಾರದು.

"ಇದು ಯಾರ ಕೆಲ್ಸ, ಹೇಳಿ ನೋಡೋಣ?"

ಅವರ ಬಗ್ಗೆ ಬರೆಯಲು ಬಂದಿರುವ ನನಗೆ, ಯಾರದೆಂದು ಗೊತ್ತು. ಇಡೀ ಬೀದಿಗೇ ಗೊತ್ತು. ಆದರೂ ನಾನು ಸುಮ್ಮನಿರುತ್ತೇನೆ, ಏಕೆಂದರೆ ಆ ಹೆಸರನ್ನು ತಾವೇ ಹೇಳುವ ಆಸೆ ಅವರಿಗೆ.

"ನತಾಲಿಯಾ ಪಶೇಕು!" ಎನ್ನುತ್ತಾರೆ ಇದಲೀನಾ, ಬಿಸಿ ಸಿಹಿ ಬ್ರೆಡ್ಡಿನ ತುಣುಕನ್ನು ನಾಲಿಗೆ ಮೇಲೆ ಕರಗಲು ಬಿಟ್ಟವರ ಹಾಗೆ.

ಅಮೆರಿಕದ ಫಾಲ್ ರಿವರ್‌ನಲ್ಲಿ ಮರದ ಮನೆಗಳಿಗೆ ಬರವಿಲ್ಲ. ಗಿರಣಿಗಳು ಮುಚ್ಚಿಹೋದರೂ ಗಿರಣಿಯವರಿಗೆಂದು ಕಟ್ಟಿದ ಮೂರಂತಸ್ತಿನ ಮನೆಗಳು ಭುಜಕ್ಕೆ ಭುಜ ತಾಗಿಸಿ ನಿಂತಿವೆ. ಬಾಗಿಲು, ಚೌಕಟ್ಟು, ಮೆಟ್ಟಿಲ ಕಂಬಿ, ಕಪಾಟು, ಎಲ್ಲಾ ಮರ. ಬಳಿಯುವವರೂ ಬೇಕಾದಷ್ಟು ಜನ. ಇದಲೀನಾ ಬಳಿಯುವವರಲ್ಲ. ಬೇರೆಯವರು ಬಳಿದು ಕೆಡಿಸಿದ್ದನ್ನು ಸರಿಮಾಡುವವರು. ಹೊಸ ಮರಕ್ಕೆ ಅವರನ್ನು ಯಾರೂ ಕರೆಯುವುದಿಲ್ಲ. ಬಣ್ಣ ಸೋರಿದಾಗ, ಸುಲಿದಾಗ, ಒಣಗದೆ ಅಂಟಂಟಾಗಿ ಉಳಿದಾಗ ಕರೆಯುತ್ತಾರೆ. ಅದೂ ಹಿಂದಿನ ಮೆಟ್ಟಿಲಿನಿಂದ.

"ಮುಂದ್ಗಡೆಯಿಂದ ಬಂದ್ರೆ ಅಕ್ಕಪಕ್ಕದೋರು ನೋಡ್ತಾರಲ್ಲ. ಇದಲೀನಾ ಬಂದ್ಲು ಅಂದ್ರೆ ಆ ಮನೇಲಿ ಏನೋ ಎಡವಟ್ಟಾಗಿದೆ ಅಂತ ಅರ್ಥ. ಹೆಣ ತೊಳ್ಯೋಕೆ ಬಂದೋಳ ಥರ ಒಳಗ್ ಬಿಟ್ಕೋತಾರೆ ನನ್ನ."

ದಿನಕ್ಕೆ ನಾಲ್ಕು ಬಾಗಿಲಿಗಿಂತ ಹೆಚ್ಚು ಅವರು ಹಿಡಿಯುವುದಿಲ್ಲ. ಸುಲಿದ ಬಣ್ಣವನ್ನು ಕೆರೆದು ತೆಗೆಯಬೇಕು. ಗಟ್ಟಿಯಾಗಿ ಉಳಿದ ಅಂಚನ್ನು ಉಪ್ಪು ಕಾಗದದಲ್ಲಿ ಉಜ್ಜಿ, ಬೆರಳಿಗೆ ಏರುತಗ್ಗು ಸಿಗದ ಹಾಗೆ ಸಪಾಟು ಮಾಡಬೇಕು. ಗುಳಿಗಳಿಗೆ ಪುಟ್ಟಿ ಮೆತ್ತಬೇಕು, ಒಣಗಿಸಬೇಕು, ಮತ್ತೆ ಉಜ್ಜಬೇಕು. ಆಮೇಲೆ ತೆಳ್ಳಗೆ ಒಂದು ಪದರ, ಅದು ಒಣಗಿದ ಮೇಲೆ ಇನ್ನೊಂದು. ಕೊನೆಯಲ್ಲಿ ಬಣ್ಣವೇ ಇಲ್ಲದ ಬ್ರಷ್ಷಿನ ತುದಿಯನ್ನು ಉಸಿರು ಬಿಗಿಹಿಡಿದು ಮೇಲಿಂದ ಕೆಳಕ್ಕೆ ಒಮ್ಮೆ ಹಾಯಿಸುತ್ತಾರೆ.

"ತಿದ್ದಿದ್ದು ಗೊತ್ತಾಗ್ಬಾರ್ದು, ಅದೇ ತಿದ್ದೋ ಕೆಲ್ಸ. ಗೊತ್ತೇ ಆಗ್ದಿದ್ಮೇಲೆ ಹೊಗಳೋರು ಯಾರು?"

ಇದಕ್ಕೊಂದು ಉದಾಹರಣೆಯನ್ನು ಅವರು ಸದಾ ಸಿದ್ಧವಾಗಿ ಇಟ್ಟುಕೊಂಡಿದ್ದಾರೆ. ಒಂದು ನಾಮಕರಣದ ಊಟ. ಆ ಮನೆಯ ಮೆಟ್ಟಿಲ ಕಂಬಿಯನ್ನು ಯಾರೋ ಅಡ್ಡಾದಿಡ್ಡಿ ಬಳಿದು ಹೋಗಿದ್ದರು. ಬೆನ್ನು ಮುರಿಯುವಂತೆ ದುಡಿದು ಸರಿಮಾಡಿದ್ದು ಇದಲೀನಾ. ಊಟದ ದಿನ ಅತಿಥಿಗಳು ಕಂಬಿಯ ಮೇಲೆ ಕೈಯಾಡಿಸಿ "ಆಹಾ! ಇದು ನತಾಲಿಯಾಳ ಕೈಯೇ ಇರ್ಬೇಕು" ಎಂದರು. ಮನೆಯೊಡತಿ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ನಕ್ಕರು. ಇದಲೀನಾ ಮೂಲೆಯಲ್ಲಿ ಮೀನಿನ ವಡೆಯ ತಟ್ಟೆ ಹಿಡಿದು ನಿಂತಿದ್ದರು.

"ಆವತ್ತಿಂದ ನಂಗೆ ಮೀನಿನ ವಡೆ ಸೇರಲ್ಲ."

ನತಾಲಿಯಾ ಮತ್ತು ಇದಲೀನಾ ಒಂದೇ ದ್ವೀಪದ ಒಂದೇ ಹಳ್ಳಿಯವರು, ಅಟ್ಲಾಂಟಿಕ್ ನಡುವಿನ, ಪೋರ್ಚುಗಲ್ಲಿಗೆ ಸೇರಿದ ಸಾವ್ ಮಿಗೆಲ್‌ನ ಉತ್ತರದ ಕಡಲಂಚಿನವರು. ಹುಡುಗಿಯರಾಗಿದ್ದಾಗ ಒಂದೇ ವರ್ಷ ಇಲ್ಲಿಗೆ ಬಂದರು. ಪರದೆ ಕಾರ್ಖಾನೆಯಲ್ಲಿ ಅಕ್ಕಪಕ್ಕದ ಯಂತ್ರಗಳಲ್ಲಿ ಹೊಲಿದರು. ಕಾರ್ಖಾನೆ ಮುಚ್ಚಿದಾಗ ಇಬ್ಬರೂ ಸೆರಫೀಂ ಮೇಸ್ತ್ರಿಯ ಷೆಡ್ಡಿಗೆ ಕೆಲಸ ಕೇಳಿಕೊಂಡು ಹೋದರು. ಹಳೆಯ ಪೀಠೋಪಕರಣಗಳ ಬಣ್ಣ ಬಿಡಿಸಿ ಹೊಸದು ಮಾಡುತ್ತಿದ್ದ ಆ ಮುದುಕ ಕಡಿಮೆ ಮಾತಿನವರು. ಹೆಂಗಸರಿಗೇಕೆ ಈ ಕೆಲಸ ಎಂದು ಊರು ನಕ್ಕಾಗಲೂ ಅವರು ಬಾಯಿ ಬಿಡಲಿಲ್ಲ. ಒಂದು ದಿನ ಮಾತ್ರ, ಇಬ್ಬರೂ ಬಳಿದ ಎರಡು ಕುರ್ಚಿಗಳನ್ನು ಅಂಗಳದಲ್ಲಿಟ್ಟು ನೋಡಿ ಹೇಳಿದರಂತೆ: "ನತಾಲಿಯಾಗೆ ಕೈಯಿದೆ. ಇದಲೀನಾಗೆ ಕಣ್ಣಿದೆ."

ಮೇಸ್ತ್ರಿ ತೀರಿಕೊಂಡು ಯಾವ ಕಾಲವೋ ಆಯಿತು. ಆ ಮಾತು ಇದಲೀನಾರ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿದೆ.

"ಕಣ್ಣಿಟ್ಕೊಂಡು ಏನ್ ಮಾಡ್ಲಿ? ಕಣ್ಣಿರೋಳು ತಪ್ಪು ತೋರಿಸ್ತಾಳೆ, ಕೈಯಿರೋಳು ಚಂದ ತೋರಿಸ್ತಾಳೆ. ನೀವಾದ್ರೆ ಯಾರನ್ನ ಮನೆಗೆ ಕರೀತೀರಿ?"

ಊರು ನತಾಲಿಯಾರನ್ನೇ ಕರೆಯಿತು. ಹೊಸ ಮನೆಗಳು, ಹೊಸ ಬಾಗಿಲುಗಳು, ಪಾದ್ರಿಗಳ ನಿವಾಸದ ಕಿಟಕಿಗಳು. ನತಾಲಿಯಾ ನಗುತ್ತ ಬರುತ್ತಾರೆ, ಮನೆಯವರ ಮಕ್ಕಳ ಹೆಸರು ನೆನಪಿಟ್ಟುಕೊಂಡಿರುತ್ತಾರೆ, ಕೆಲಸ ಮುಗಿದ ದಿನ ಒಂದು ಹೂಕುಂಡ ಕೊಟ್ಟು ಹೋಗುತ್ತಾರೆ. ಭಾನುವಾರ ಇಗರ್ಜಿಯ ಎರಡನೇ ಸಾಲಿನಲ್ಲಿ ಕೂರುತ್ತಾರೆ. ಇದಲೀನಾ ಕೂರುವುದು ಅದರ ಹಿಂದಿನ ಸಾಲಿನಲ್ಲಿ, ಬೇಕೆಂದೇ.

"ಅವಳ ಕೋಟು ನೋಡೋಕೆ," ಎನ್ನುತ್ತಾರೆ ಗಂಡ ಜೆರ್ಮಾನು, ಕೇಲ್ ಸೊಪ್ಪಿನ ಸಾರು ಬಡಿಸುತ್ತ. ಬೆನ್ನು ನೋವಿನಿಂದಾಗಿ ಕೆಲಸ ಬಿಟ್ಟ ಮೇಲೆ ಮನೆಯ ಅಡುಗೆ ಅವರದೇ. "ನಮ್ಮನೇಲಿ ದೇವ್ರ ಹೆಸ್ರಿಗಿಂತ ನತಾಲಿಯಾ ಹೆಸ್ರೇ ಜಾಸ್ತಿ ಕೇಳ್ಸುತ್ತೆ. ಬೆಳಿಗ್ಗೆ ಎದ್ರೆ ನತಾಲಿಯಾ, ಮಲ್ಗೋವಾಗ ನತಾಲಿಯಾ. ಮದ್ವೆ ಅವಳನ್ನೇ ಆಗಿದ್ರೂ ನಾನು ಇಷ್ಟು ಕೇಳ್ತಿರ್ಲಿಲ್ಲ."

"ಆಗ್ಬೇಕಿತ್ತು. ಯಾರ್ ಬೇಡ ಅಂದಿದ್ರು?"

"ಅವಳು ಬೇಡ ಅಂದ್ಲು ಕಣೇ."

ಇದಲೀನಾ ಚಮಚ ಎತ್ತಿ ತೋರಿಸುತ್ತಾರೆ. ಜೆರ್ಮಾನು ಸಾರಿನ ಪಾತ್ರೆಯ ಹಿಂದೆ ತಲೆ ತಗ್ಗಿಸುತ್ತಾರೆ. ಇದು ತಮಾಷೆಯೋ ನಿಜವೋ ನಾನು ಕೇಳಲಿಲ್ಲ.

ಇಂಥ ಇದಲೀನಾರಿಗೆ ಈ ಶರತ್ಕಾಲದಲ್ಲಿ, ಬದುಕಿನಲ್ಲಿ ಮೊದಲ ಬಾರಿಗೆ, ನತಾಲಿಯಾ ಕೆಡಿಸಿದ ಕೆಲಸ ಸಿಕ್ಕಿದೆ. ಬೇಕರಿಯ ಒಡತಿ, ಊರೆಲ್ಲ ಗೌರವದಿಂದ 'ದೋನ' ಎಂದು ಕರೆಯುವ ವಿಧವೆ ಲೂಸೀಲಿಯಾ ತಮ್ಮ ಅಡುಗೆಮನೆಯ ಹಳೆಯ ಮೇಪಲ್ ಮರದ ಕಪಾಟುಗಳಿಗೆ ಬಿಳಿ ಬಣ್ಣ ಮಾಡಿಸಿದ್ದರು. ಬೇಸಿಗೆ ಮುಗಿಯುವುದರೊಳಗೆ ಬಣ್ಣ ಎದ್ದಿತು. ಲೂಸೀಲಿಯಾ ಹಿಂದಿನ ಮೆಟ್ಟಿಲಿನ ಹೆಂಗಸಲ್ಲ. ಬೇಕರಿಯ ಗಲ್ಲಾದ ಹಿಂದೆ ನಿಂತು, ಬ್ರೆಡ್ಡು ಕೊಳ್ಳಲು ಬಂದ ಪ್ರತಿಯೊಬ್ಬರಿಗೂ ನತಾಲಿಯಾ ಮಾಡಿದ ಅನ್ಯಾಯವನ್ನು ಬ್ರೆಡ್ಡಿನ ಜೊತೆಗೇ ಕಟ್ಟಿಕೊಟ್ಟರು. ಮಾತು ಊರೆಲ್ಲ ಹಬ್ಬಿತು. ನಮ್ಮ ದ್ವೀಪದವರ ಸಂಘ ತನ್ನ ಭವನವನ್ನು ಹೊಸದು ಮಾಡುತ್ತಿದೆ. ಅಲ್ಲಿನ ಬಾಗಿಲು, ಕಿಟಕಿ, ಹಲಗೆಗೋಡೆ ಎಲ್ಲವನ್ನೂ ನತಾಲಿಯಾರಿಗೆ ವಹಿಸುವುದೆಂದು ಮಾತಾಗಿತ್ತು. ಸಂಘದವರು ಹಿಂದೆ ಸರಿದರು. ಆ ಕೆಲಸ ಇದಲೀನಾರಿಗೆ ಸಿಗಬಹುದು ಎಂಬ ಸುದ್ದಿಯನ್ನು ಸಂಘದ ಅಧ್ಯಕ್ಷರೇ ಇಗರ್ಜಿಯ ಬಾಗಿಲಲ್ಲಿ ಅವರ ಕಿವಿಗೆ ಹಾಕಿದರು.

"ಹೊಸ ಮರ," ಎನ್ನುತ್ತಾರೆ ಇದಲೀನಾ. ಆ ಎರಡು ಪದ ಹೇಳುವಾಗ ಅವರ ದನಿ ಇಳಿಯುತ್ತದೆ. "ಯಾರ ಕೊಳೇನೂ ತೆಗೀಬೇಕಾಗಿಲ್ಲ."

ನನ್ನ ಎರಡನೆಯ ಭೇಟಿಯ ದಿನ ಅಡುಗೆಮನೆಯಲ್ಲಿ ಹಾಡು ಕೇಳುತ್ತಿದೆ. ಇದಲೀನಾ ಗುನುಗುತ್ತಿದ್ದಾರೆ. ನತಾಲಿಯಾರ ಬಣ್ಣ ಪೂರ್ತಿ ಹೋಗಿದೆ. ಬಾಗಿಲುಗಳು ಬೆತ್ತಲೆ ಮರವಾಗಿ ಮೇಜಿನ ಮೇಲೆ ಮಲಗಿವೆ. ಒಂದಕ್ಕೆ ಇದಲೀನಾ ಮೊದಲ ಪದರ ಬಳಿಯುತ್ತಾರೆ. ಬಳಿದು, ಬ್ರಷ್ಷನ್ನು ಡಬ್ಬಿಯ ಮೇಲಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ.

ಹಾಡು ನಿಲ್ಲುತ್ತದೆ.

ಒದ್ದೆ ಬಣ್ಣದ ನಡುವೆ ಒಂದು ಸಣ್ಣ ಗುಳಿ ಬಾಯಿ ತೆರೆಯುತ್ತದೆ. ಪಕ್ಕದಲ್ಲಿ ಇನ್ನೊಂದು. ನಾವು ನೋಡುತ್ತಿದ್ದ ಹಾಗೆಯೇ, ಬಿಸಿ ಬಾಣಲೆಯಿಂದ ನೀರು ಓಡುವಂತೆ ಬಣ್ಣ ಮರದಿಂದ ದೂರ ಸರಿಯುತ್ತ, ಬಾಗಿಲಿನ ತುಂಬ ಗುಳಿಗಳು ಬೀಳುತ್ತವೆ. ನತಾಲಿಯಾರ ಬಾಗಿಲಿನಲ್ಲಿದ್ದ ಗುಳಿಗಳೇ.

ಇದಲೀನಾ ಸ್ಟೂಲಿನ ಮೇಲೆ ಕೂರುತ್ತಾರೆ. ಆಮೇಲೆ ಒಳಗಿನ ಕೋಣೆಯತ್ತ ಕೂಗುತ್ತಾರೆ.

"ದೋನ ಲೂಸೀಲಿಯಾ! ಈ ಕಪಾಟಿಗೆ ಹೊಳಪಿನ ಎಣ್ಣೆ ಏನಾದ್ರೂ ಹೊಡೀತಿದ್ರಾ?"

"ಇಲ್ಲಪ್ಪಾ! ಸೋಪು ನೀರು, ತೋಳಿನ ಶಕ್ತಿ. ನಮ್ಮಮ್ಮ ಕಲಿಸಿದ್ದು ಅಷ್ಟೇ. ನತಾಲಿಯಾನೂ ಇದನ್ನೇ ಕೇಳಿದ್ಲು. ಅವಳಿಗೂ ಇದನ್ನೇ ಹೇಳ್ದೆ."

ಚಿಂದಿಬಟ್ಟೆಗಾಗಿ ಇದಲೀನಾ ಪಾತ್ರೆ ತೊಳೆಯುವ ತೊಟ್ಟಿಯ ಕೆಳಗಿನ ಕಪಾಟು ತೆರೆಯುತ್ತಾರೆ. ಸೋಪಿನ ಹಿಂದೆ, ಬಕೆಟ್ಟಿನ ಹಿಂದೆ, ಮರಕ್ಕೆ ಹೊಳಪು ಕೊಡುವ ಸ್ಪ್ರೇ ಡಬ್ಬಿಗಳು ಸಾಲಾಗಿ ನಿಂತಿವೆ. ಕೆಲವು ಖಾಲಿ, ಕೆಲವು ಹೊಸವು. ಅದರಲ್ಲಿನ ಸಿಲಿಕೋನೆಂಬ ಎಣ್ಣೆಜಿಡ್ಡು ವರ್ಷಗಟ್ಟಲೆ ಮರದ ಒಳಗಿಳಿದು ಕೂತಿದೆ. ಅದರ ಮೇಲೆ ಯಾರು ಬಳಿದರೂ ಬಣ್ಣ ನಿಲ್ಲುವುದಿಲ್ಲ. ನತಾಲಿಯಾ ಬಳಿದರೂ ಅಷ್ಟೇ, ಇದಲೀನಾ ಬಳಿದರೂ ಅಷ್ಟೇ.

ಅವರು ಕಪಾಟಿನ ಬಾಗಿಲು ಮುಚ್ಚುತ್ತಾರೆ. ನನ್ನ ಮುಖ ನೋಡುವುದಿಲ್ಲ.

"ಕೇಳಿದ್ಲಂತೆ," ಎನ್ನುತ್ತಾರೆ ಕೊನೆಗೆ. "ಆ ಮೂದೇವಿ ಕೇಳಿದ್ಲಂತೆ. ಕೇಳ್ದೇ ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು."

ಲೂಸೀಲಿಯಾರಿಗೆ ಹೇಳುತ್ತೀರಾ ಎಂದು ನಾನು ಕೇಳುತ್ತೇನೆ.

"ನೀವು ಬರ್ಯೋಕೆ ಬಂದಿರೋದು, ಪಾಪನಿವೇದನೆ ಕೇಳೋಕಲ್ಲ. ಆ ಟರ್ಪೆಂಟೈನ್ ಈ ಕಡೆ ಕೊಡಿ."

ಆಮೇಲಿನ ದಿನಗಳಲ್ಲಿ ಅವರು ಮಾಡಿದ ಕೆಲಸ ಈ ಊರಿನಲ್ಲಿ ಇನ್ನೊಬ್ಬರು ಮಾಡಲಾರರು. ಪ್ರತಿ ಬಾಗಿಲನ್ನೂ ಟರ್ಪೆಂಟೈನಿನಲ್ಲಿ ಒರೆಸುತ್ತಾರೆ. ಒಮ್ಮೆ ಒರೆಸಿದ ಬಟ್ಟೆಯನ್ನು ಮತ್ತೆ ಮುಟ್ಟಿಸುವುದಿಲ್ಲ, ಮುಟ್ಟಿಸಿದರೆ ಜಿಡ್ಡು ವಾಪಸು ಹತ್ತುತ್ತದೆ. ಉಜ್ಜುತ್ತಾರೆ, ಮತ್ತೆ ಒರೆಸುತ್ತಾರೆ. ಆಮೇಲೆ ಅರಗು ಕರಗಿಸಿದ ವಾರ್ನಿಷನ್ನು ತೆಳ್ಳಗೆ ಎಳೆದು, ಮರದೊಳಗಿನ ಎಣ್ಣೆಗೆ ಮುಚ್ಚಳ ಹಾಕುತ್ತಾರೆ. ಅರಗಿನ ಮೇಲೆ ಬಣ್ಣ ಹಾಯಾಗಿ ಮಲಗುತ್ತದೆ. ಕಪಾಟುಗಳು ಮೊಟ್ಟೆಯ ಸಿಪ್ಪೆಯಷ್ಟು ನಯವಾಗುತ್ತವೆ. ಆದರೆ ಇದಲೀನಾ ಗುನುಗುವುದಿಲ್ಲ. ಆ ಭಾನುವಾರ ಇಗರ್ಜಿಯ ಎರಡನೇ ಸಾಲಿನಲ್ಲಿ ನತಾಲಿಯಾರ ಜಾಗ ಖಾಲಿಯಿತ್ತೆಂದು ಜೆರ್ಮಾನು ನನಗೆ ಫೋನಿನಲ್ಲಿ ಹೇಳುತ್ತಾರೆ.

"ನಮ್ಮೋಳು ಮೂರು ದಿನದಿಂದ ನತಾಲಿಯಾ ಹೆಸ್ರೇ ಎತ್ತಿಲ್ಲ. ನಂಗ್ಯಾಕೋ ಭಯ ಆಗ್ತಿದೆ ಕಣ್ರೀ. ಜ್ವರ ಗಿರ ಬಂತೋ ಏನೋ."

ಕೆಲಸ ಮುಗಿಯುವ ದಿನ ನಾನು ಅಲ್ಲೇ ಇದ್ದೇನೆ. ಬೆಳಗಿನ ಬ್ರೆಡ್ಡು ಮಾರಿ ಮುಗಿಸಿ ಲೂಸೀಲಿಯಾ ಮೇಲೆ ಬಂದಿದ್ದಾರೆ. ಕಾಫಿ ಕುದಿಯುತ್ತಿದೆ. ಮುಂದಿನ ಮೆಟ್ಟಿಲಿನ ಮೇಲೆ ಹೆಜ್ಜೆ ಸಪ್ಪಳ, ಬಾಗಿಲು ತಟ್ಟುವ ಸದ್ದು. ನತಾಲಿಯಾ.

ತೆಳ್ಳಗೆ, ಎತ್ತರಕ್ಕೆ ಇರುವ ಹೆಂಗಸು. ಕಣ್ಣ ಕೆಳಗೆ ಕಪ್ಪು. "ಒಂದ್ಸಲ ನೋಡಿ ಹೋಗ್ತೀನಿ," ಎನ್ನುತ್ತಾರೆ. ಲೂಸೀಲಿಯಾ ಬಾಗಿಲಿನಿಂದ ಪಕ್ಕಕ್ಕೆ ಸರಿಯುತ್ತಾರೆ, ಬಾ ಎನ್ನುವುದಿಲ್ಲ. ನತಾಲಿಯಾ ಕಪಾಟಿನ ಮುಂದೆ ಬಗ್ಗುತ್ತಾರೆ. ತಲೆಯನ್ನು ಹಲಗೆಯ ಮಟ್ಟಕ್ಕೆ ತಂದು, ಒಂದು ಕಣ್ಣು ಮುಚ್ಚಿ, ಉದ್ದಕ್ಕೂ ನೋಡುತ್ತಾರೆ. ಸೆರಫೀಂ ಮೇಸ್ತ್ರಿಯ ಶಿಷ್ಯೆಯರು ಇಬ್ಬರೂ ನೋಡುವುದು ಹಾಗೆಯೇ.

"ಎಷ್ಟು ಚೆನ್ನಾಗಿದೆ," ಎನ್ನುತ್ತಾರೆ. "ಇದಲೀನಾ, ನಾನು ಎಲ್ಲಿ ತಪ್ಪಿದೆ ಹೇಳೇ. ಬಣ್ಣ ಮರದ ಮೇಲೆ ನಿಲ್ಲದೇ ಓಡ್ಹೋಗ್ತಿತ್ತು. ಡಬ್ಬಿ ಕೆಟ್ಟಿರ್ಬೇಕು ಅಂತ ಹೊಸದು ತಂದೆ, ಅದೂ ಓಡ್ತು. ಇನ್ನೊಂದ್ ಕೋಟು ಹೊಡ್ದೆ, ಮತ್ತೊಂದ್ ಹೊಡ್ದೆ. ಇಷ್ಟ್ ವರ್ಷ ಆದ್ಮೇಲೆ ಕೈ ಹೋಯ್ತೇನೋ ಅಂತ ಭಯ ಕಣೇ. ಬ್ರಷ್ ಹಿಡಿಯೋಕೇ ಆಗ್ತಿಲ್ಲ ನಂಗೆ."

ಇದಲೀನಾರ ಎದುರಿಗೆ, ಇಷ್ಟು ವರ್ಷ ಅವರು ಬಯಸಿದ್ದ ದೃಶ್ಯ ಇದೆ. ನತಾಲಿಯಾ ತಲೆ ತಗ್ಗಿಸಿ ನಿಂತಿದ್ದಾರೆ, ಲೂಸೀಲಿಯಾ ಕಾಫಿ ಬಗ್ಗಿಸುತ್ತ ಇದಲೀನಾರ ಬಟ್ಟಲನ್ನು ಮೊದಲು ತುಂಬುತ್ತಿದ್ದಾರೆ. ಏನೂ ಹೇಳದಿದ್ದರೆ ಸಾಕು. ಸಂಘದ ಭವನದ ಹೊಸ ಮರವೆಲ್ಲ ಅವರದು.

ಇದಲೀನಾ ಕಾಫಿಯನ್ನು ಒಂದು ಗುಟುಕು ಕುಡಿಯುತ್ತಾರೆ. ಬಟ್ಟಲನ್ನು ಕೆಳಗಿಡುತ್ತಾರೆ.

"ಕೈ ಎಲ್ಲಿಗೂ ಹೋಗಿಲ್ಲ," ಎನ್ನುತ್ತಾರೆ ಸಿಡುಕಿನಿಂದ. "ನಿನ್ ಕೈಗೆ ಏನ್ ರೋಗ? ಗುಳಿ ನಂಗೂ ಬಂತು. ಮೊದಲ್ನೇ ಬಾಗಿಲು ಪೂರ್ತಿ ಹಾಳಾಯ್ತು. ಈ ಬರ್ಯೋಕೆ ಬಂದೋರು ಕಣ್ಣಾರೆ ನೋಡಿದ್ದಾರೆ, ಕೇಳು. ಮರಕ್ಕೆ ಸ್ಪ್ರೇ ಹೊಡ್ದೂ ಹೊಡ್ದೂ ಇಟ್ಟಿದ್ದಾರೆ. ತೊಟ್ಟಿ ಕೆಳಗೆ ಅಂಗಡಿ ಇಡೋಷ್ಟು ಡಬ್ಬಿ ಇದೆ."

ಲೂಸೀಲಿಯಾರ ಕೈಯಲ್ಲಿ ಕಾಫಿ ಪಾತ್ರೆ ನಿಂತೇಬಿಡುತ್ತದೆ. ಮುಖ ಕೆಂಪಾಗುತ್ತದೆ.

"ಅದು... ಶನಿವಾರ ಮಾತ್ರ. ಸ್ವಲ್ಪ ಹೊಳಪಿರ್ಲಿ ಅಂತ."

"ನಾನು ಕೇಳಿದ್ದೆ ನಿಮ್ಮನ್ನ," ಎನ್ನುತ್ತಾರೆ ನತಾಲಿಯಾ ಮೆಲ್ಲಗೆ.

"ಎಲ್ರೂ ನನ್ ಅಡುಗೆಮನೆ ಹೊಳೆಯುತ್ತೆ ಅಂತಾರೆ. ಡಬ್ಬಿಯಿಂದ ಹೊಳೆಯುತ್ತೆ ಅಂತ ಹೆಂಗ್ ಹೇಳ್ಕೊಳ್ಳಿ?"

ನತಾಲಿಯಾ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತು ಎರಡೂ ಕೈಗಳಿಂದ ಮುಖ ಮುಚ್ಚಿಕೊಳ್ಳುತ್ತಾರೆ. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯುವುದಿಲ್ಲ, ಬಹುಶಃ ಎರಡೂ. ಇದಲೀನಾ ಅವರನ್ನು ಸಮಾಧಾನ ಮಾಡುವುದಿಲ್ಲ. ಬ್ರಷ್ಷು ತೊಳೆಯುತ್ತಾರೆ, ಅಗತ್ಯಕ್ಕಿಂತ ಜಾಸ್ತಿ ಹೊತ್ತು.

ಲೂಸೀಲಿಯಾ ಬಾಯಿ ಬಲವಾದ ಹೆಂಗಸು, ಆದರೆ ಕೆಟ್ಟವರಲ್ಲ. ಮರುದಿನದಿಂದ ಅದೇ ಗಲ್ಲಾದ ಹಿಂದೆ ನಿಂತು, ತಪ್ಪು ತಮ್ಮದೆಂದು ಬ್ರೆಡ್ಡಿನ ಜೊತೆಗೆ ಕಟ್ಟಿಕೊಡುತ್ತಾರೆ. ಸಂಘದವರು ನತಾಲಿಯಾರ ಮನೆಗೇ ಹೋಗಿ ಕೆಲಸವನ್ನು ವಾಪಸು ಒಪ್ಪಿಸುತ್ತಾರೆ. ಊರು ಒಂದೇ ಬಾಯಲ್ಲಿ ಹೇಳುತ್ತದೆ: ಪಾಪ ನತಾಲಿಯಾ, ಎಷ್ಟು ಸಹನೆ, ಯಾರ ಮೇಲೂ ಒಂದು ಮಾತಾಡಲಿಲ್ಲ.

"ನೋಡಿದ್ರಾ?" ಎನ್ನುತ್ತಾರೆ ಇದಲೀನಾ, ತಮ್ಮ ಮನೆಯ ಹಿಂದಿನ ಜಗಲಿಯಲ್ಲಿ ಬಣ್ಣ ಕೆರೆಯುವ ಉಕ್ಕಿನ ಪಟ್ಟಿಗೆ ಸಾಣೆ ಹಿಡಿಯುತ್ತ. "ನಿಜ ಹೇಳ್ದೋಳು ನಾನು. ಹೊಗಳಿಕೆ ಅವಳಿಗೆ. ಇನ್ನೊಂದ್ಸಲ ನಿಜ ಹೇಳೋಕ್ ಮುಂಚೆ ಎರಡು ಸಲ ಯೋಚ್ನೆ ಮಾಡ್ತೀನಿ."

ಹಾಗಾದರೆ ಯಾಕೆ ಹೇಳಿದಿರಿ ಎಂದರೆ, ಪಟ್ಟಿಯನ್ನು ತಿರುಗಿಸಿ ಇನ್ನೊಂದು ಅಂಚಿಗೆ ಸಾಣೆ ಹಿಡಿಯುತ್ತಾರೆ.

"ಕೈ ಹೋಯ್ತು ಅಂದ್ಲಲ್ಲ. ಅದನ್ನ ಕೇಳೋಕಾಗ್ಲಿಲ್ಲ. ಇಷ್ಟ್ ವರ್ಷ ಆ ಕೈ ನೋಡಿ ನೋಡಿ ಉರ್ಕೊಂಡಿದ್ದೀನಿ ನಾನು. ಅದು ಸುಮ್ನೆ ಹೋದ್ರೆ ನಾನು ಉರ್ಕೊಂಡಿದ್ದಕ್ಕೆ ಏನ್ ಬೆಲೆ?"

ಇದನ್ನು ಹೇಳುವಾಗ ಅವರು ನಗುತ್ತಿಲ್ಲ.

ಕಳೆದ ವಾರ ನತಾಲಿಯಾ ಇದಲೀನಾರ ಮನೆಗೆ ಬಂದಿದ್ದರು. ಜೆರ್ಮಾನು ಸಂಭ್ರಮದಿಂದ ಸಾರು ಬಡಿಸಿದರು, ಅದಕ್ಕೂ ಬೈಗುಳ ತಿಂದರು. ನತಾಲಿಯಾ ಬಂದದ್ದು ಒಂದು ಮಾತು ಕೇಳಲು. ಭವನದ ಮುಂಬಾಗಿಲು, ಎರಡಾಳೆತ್ತರದ ಜೋಡಿ ಬಾಗಿಲು, ಈಗಷ್ಟೇ ಬಡಗಿಯ ಕೈಯಿಂದ ಬಂದಿದೆ. ಅದನ್ನು ಇದಲೀನಾ ಬಳಿಯಬೇಕು.

"ಯೋಚ್ನೆ ಮಾಡಿ ಹೇಳ್ತೀನಿ ಅಂದೆ," ಎನ್ನುತ್ತಾರೆ ಇದಲೀನಾ. "ಅವಳು ಮೆಟ್ಲು ಇಳಿಯೋಕ್ ಮುಂಚೆನೇ ಯೋಚ್ನೆ ಮುಗ್ದಿತ್ತು. ಆದ್ರೂ ನಾಲ್ಕು ದಿನ ಕಾಯಿಸ್ದೆ. ಅಷ್ಟಾದ್ರೂ ಬೇಡ್ವಾ ನಂಗೆ?"

ಈಗ ಒಪ್ಪಿಕೊಂಡಿದ್ದಾರೆ, ಒಂದು ಷರತ್ತಿನ ಮೇಲೆ. ಆ ಬಾಗಿಲಿಗೆ ನತಾಲಿಯಾ ಬೆರಳು ಕೂಡ ತಾಗಿಸುವಂತಿಲ್ಲ. ಕೆಲಸ ನಡೆಯುವಾಗ ಆ ಕಡೆ ಸುಳಿಯುವಂತೆಯೂ ಇಲ್ಲ.

ಉದ್ಘಾಟನೆಯ ದಿನ ಊರೆಲ್ಲ ಆ ಬಾಗಿಲಿನಿಂದಲೇ ಒಳಗೆ ಹೋಗುತ್ತದೆ, ಅಧ್ಯಕ್ಷರು ಭಾಷಣದಲ್ಲಿ ನಿಮ್ಮ ಹೆಸರು ಹೇಳಲಿ ಎಂಬ ಆಸೆ ಇದೆಯೇ ಎಂದು ಕೇಳುತ್ತೇನೆ. ಇದಲೀನಾ ಪಟ್ಟಿಯ ಅಂಚನ್ನು ಹೆಬ್ಬೆರಳಿನಲ್ಲಿ ಸವರಿ ನೋಡುತ್ತಾರೆ.

"ಅವರು ಹೇಳಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಅವರಿಗೇನ್ ಗೊತ್ತಾಗುತ್ತೆ ಬಣ್ಣದ ವಿಷ್ಯ? ಒಣಗಿದ್ಮೇಲೆ ಅವಳು ಬರ್ಲಿ. ಎಲ್ರಿಗಿಂತ ಮೊದ್ಲು ಬರ್ಲಿ, ಒಬ್ಳೇ ಬರ್ಲಿ. ಬಗ್ಗಿ ನೋಡ್ಲಿ. ನಾನು ಬಾಗಿಲಿನ ಆಚೆ ಕಡೆ ನಿಂತಿರ್ತೀನಿ, ಏನಂತಾಳೆ ಕೇಳಿಸ್ಕೊಳ್ಳೋಕೆ."